ಕಾಲೇಜಿನಲ್ಲಿ ಸಾಮಾಜಿಕ ಉದ್ಯಮದ ಪಿಚ್ ಸ್ಪರ್ಧೆ: ಅಂಕದ ಹಾಳೆ ಮೊದಲು, ಪೋಸ್ಟರ್ ಆಮೇಲೆ

ಜನರ ಒಂದು ಸಮಸ್ಯೆಯನ್ನು ಬಗೆಹರಿಸುತ್ತಾ ತನ್ನ ಗಳಿಕೆಯಲ್ಲೇ ನಡೆಯುವ ಉದ್ಯಮ ಸಾಮಾಜಿಕ ಉದ್ಯಮ. ಅಂಥ ಐಡಿಯಾವನ್ನು ಕೆಲವೇ ನಿಮಿಷದಲ್ಲಿ ಜಡ್ಜ್‌ಗಳ ಮುಂದೆ ಮಂಡಿಸುವುದು ಪಿಚ್. ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಇಂಥ ಪಿಚ್ ಸ್ಪರ್ಧೆ ನಡೆಸಿದವರು ಒಂದೇ ಥರದ ಬೇಸರ ಹೇಳಿಕೊಳ್ಳುತ್ತಾರೆ. ರಿಜಿಸ್ಟ್ರೇಶನ್ ಚೆನ್ನಾಗಿಯೇ ಆಯಿತು, ಹಾಲ್ ತುಂಬಿತು, ಅತಿಥಿಗಳು ಬಂದರು. ಆದರೆ ವೇದಿಕೆ ಹತ್ತಿದ ಹೆಚ್ಚಿನ ತಂಡಗಳು ತೋರಿಸಿದ್ದು ಒಂದು ಆ್ಯಪ್. ಅದನ್ನು ಯಾರಿಗಾಗಿ ಮಾಡಿದ್ದರೋ ಅವರ ಜೊತೆ ಯಾರೂ ಕೂತು ಮಾತಾಡಿರಲಿಲ್ಲ. ಬಹುಮಾನ ಕೊಟ್ಟು ಫೋಟೋ ತೆಗೆದ ಮೇಲೆ ಯಾವ ಯೋಜನೆಯೂ ಮುಂದೆ ಹೋಗಲಿಲ್ಲ.

ಮಕ್ಕಳಲ್ಲಿ ಬುದ್ಧಿಗೆ ಕೊರತೆ ಇಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೆ. ಮೊದಲು ಪೋಸ್ಟರ್, ಆಮೇಲೆ ಮುಖ್ಯ ಅತಿಥಿ, ಆಮೇಲೆ ಬಹುಮಾನದ ಮೊತ್ತ. ಅಂಕ ಹೇಗೆ ಕೊಡುವುದು ಎಂಬ ಪ್ರಶ್ನೆ ಬರುವುದು ಫೈನಲ್‌ನ ಹಿಂದಿನ ರಾತ್ರಿ. ಈ ಕ್ರಮ ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

## ಶುರು ಮಾಡುವ ಮೊದಲು ಏನೇನು ಬೇಕು

ಸ್ಪರ್ಧೆಗೆ ಹತ್ತು ವಾರ ಬೇಕು. ನಾಲ್ಕು ವಾರದಲ್ಲಿ ಮಾಡಿದರೆ ಫೀಲ್ಡ್ ಭೇಟಿಗೆ, ಅಂದರೆ ಸಮಸ್ಯೆ ಇರುವ ಜನರ ಹತ್ತಿರ ಹೋಗಿ ಮಾತಾಡಲು, ಸಮಯ ಸಿಗುವುದಿಲ್ಲ. ಜವಾಬ್ದಾರಿ ಹೊರುವ ಒಬ್ಬ ಅಧ್ಯಾಪಕರು, ಆರರಿಂದ ಎಂಟು ವಿದ್ಯಾರ್ಥಿಗಳು, ಎಲ್ಲರೂ ನೋಡಬಹುದಾದ ಒಂದು ಗೂಗಲ್ ಶೀಟ್, ತಂಡಗಳಿಗೆ ಬೇರೆ ಮತ್ತು ಸಮಿತಿಗೆ ಬೇರೆ ವಾಟ್ಸಾಪ್ ಗುಂಪು, ಫೀಲ್ಡ್ ಓಡಾಟಕ್ಕೆ ಸ್ವಲ್ಪ ದುಡ್ಡು. ಇಷ್ಟಿದ್ದರೆ ಶುರು ಮಾಡಬಹುದು.

## ಹಂತ 1: ಸಮಿತಿ ಮತ್ತು ದಿನಾಂಕ

ಸಮಿತಿ ಸಣ್ಣದಿರಲಿ. ಫೀಲ್ಡ್ ಸಂಪರ್ಕ, ತಂಡಗಳು, ಜಡ್ಜ್‌ಗಳು, ದುಡ್ಡು, ವೇದಿಕೆ: ಪ್ರತಿ ಕೆಲಸಕ್ಕೂ ಒಬ್ಬರ ಹೆಸರು ಬರೆದಿಡಿ. "ಎಲ್ಲರೂ ಸೇರಿ ನೋಡಿಕೊಳ್ಳುತ್ತೇವೆ" ಎಂದು ಬಿಟ್ಟ ಕೆಲಸವನ್ನು ಕೊನೆಗೆ ಯಾರೂ ನೋಡಿಕೊಂಡಿರುವುದಿಲ್ಲ.

ಎಂಬಿಎ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ತುಂಬಿದ ಸಮಿತಿ ಬೇಡ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಒಬ್ಬರಾದರೂ ಇರಲಿ. ಫೀಲ್ಡ್‌ವರ್ಕ್ ಅವರ ಓದಿನಲ್ಲೇ ಇರುತ್ತದೆ. ಯಾವ ಊರಲ್ಲಿ ಯಾವ ಸ್ವಸಹಾಯ ಸಂಘ ಚುರುಕಾಗಿದೆ, ಯಾರನ್ನು ಕೇಳಬೇಕು ಎಂದು ಅವರಿಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಆ ವಿಭಾಗ ಇಲ್ಲವೇ? ಮಂಗಳೂರಿನ ರೋಶನಿ ನಿಲಯದಂಥ ಸಮಾಜಕಾರ್ಯ ಕಾಲೇಜನ್ನು ಜೊತೆಗೆ ಸೇರಿಸಿಕೊಳ್ಳಿ. ಕಾಲೇಜಿನಲ್ಲಿ ಇನ್ನೋವೇಶನ್ ಕೌನ್ಸಿಲ್ ಇದ್ದರೆ ಅದರ ಅಡಿಯಲ್ಲೇ ನಡೆಸುವುದು ಒಳ್ಳೆಯದು. ಹಾಲ್, ಹಾಜರಾತಿ, ಅನುಮತಿ ಪತ್ರ ಎಲ್ಲ ಸಲೀಸಾಗುತ್ತದೆ.

ದಿನಾಂಕದ ವಿಷಯದಲ್ಲಿ ಕರಾವಳಿಯ ಲೆಕ್ಕವೇ ಬೇರೆ. ಜೂನ್, ಜುಲೈನಲ್ಲಿ ಯಾವ ದಿನ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೋ ಹೇಳಲಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಮಲ್ಪೆ ಬಂದರಿಗೆ ಹೋದರೆ ದಡಕ್ಕೆ ಕಟ್ಟಿದ ಬೋಟುಗಳು ಕಾಣುತ್ತವೆಯೇ ಹೊರತು ಎಂದಿನ ಮೀನಿನ ಹರಾಜು ಕಾಣುವುದಿಲ್ಲ. ಉಡುಪಿಯಲ್ಲಿ ನಡೆಸುವವರು ಇನ್ನೊಂದು ನೆನಪಿಡಿ. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ. ಆ ವಾರ ಹೊರಗಿನಿಂದ ಬರುವ ಜಡ್ಜ್‌ಗಳಿಗೆ ರೂಮ್ ಸಿಗುವುದು ಕಷ್ಟ. ದಸರಾ ರಜೆ, ಇಂಟರ್ನಲ್ ಪರೀಕ್ಷೆ, ಪಕ್ಕದ ಕಾಲೇಜಿನ ಫೆಸ್ಟ್ ಇವನ್ನೂ ನೋಡಿ. ರಂಜಾನ್ ತಿಂಗಳಲ್ಲಿ ಬಂದರೆ ಇಫ್ತಾರ್ ಹೊತ್ತಿಗೆ ಮೊದಲೇ ಮುಗಿಯುವ ಹಾಗೆ ಸಮಯ ಇಡಿ.

## ಹಂತ 2: ಅಂಕದ ಹಾಳೆ ಬರೆಯಿರಿ

ಈ ಹಂತವನ್ನು ದಾಟಿಸಿ ಮುಂದೆ ಹೋಗಬೇಡಿ. ತಂಡಗಳು ಮುಂದಿನ ಹತ್ತು ವಾರ ಏನು ಮಾಡುತ್ತವೆ ಎಂಬುದನ್ನು ನಿಮ್ಮ ಭಾಷಣಕ್ಕಿಂತ ಅಂಕದ ಹಾಳೆಯೇ ಜಾಸ್ತಿ ನಿರ್ಧರಿಸುತ್ತದೆ. ಚಂದದ ಸ್ಲೈಡ್‌ಗೆ 30 ಅಂಕ ಇಟ್ಟರೆ ಮಕ್ಕಳು ಸ್ಲೈಡ್ ಮಾಡುತ್ತಾ ಕೂರುತ್ತಾರೆ. ಫೀಲ್ಡ್‌ಗೆ 30 ಇಟ್ಟರೆ ಬಸ್ಸು ಹತ್ತುತ್ತಾರೆ.

ಸಾಮಾಜಿಕ ಉದ್ಯಮವನ್ನು ಅಳೆಯಲು ಎರಡು ಪ್ರಶ್ನೆ ಬೇಕು. ಒಂದು, ಯಾರ ಬದುಕಿನಲ್ಲಿ ಏನು ಬದಲಾಗುತ್ತದೆ? ಎರಡು, ಅದಕ್ಕೆ ವರ್ಷದಿಂದ ವರ್ಷಕ್ಕೆ ದುಡ್ಡು ಯಾರು ಕೊಡುತ್ತಾರೆ? ಮೊದಲನೆಯದಕ್ಕೆ ಮಾತ್ರ ಉತ್ತರ ಇದ್ದರೆ ಅದು ದಾನದ ಕೆಲಸ. ಎರಡನೆಯದಕ್ಕೆ ಮಾತ್ರ ಇದ್ದರೆ ಮಾಮೂಲಿ ವ್ಯಾಪಾರ. ಎರಡೂ ಒಳ್ಳೆಯವೇ, ಆದರೆ ಈ ಸ್ಪರ್ಧೆಗೆ ಸೇರುವುದಿಲ್ಲ. ವಿದ್ಯಾರ್ಥಿಗಳಿಗೆ ಹೇಳುವಾಗ ನಮ್ಮ ಸುತ್ತಲಿನ ಉದಾಹರಣೆ ಕೊಡಿ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೊದಲ್ಲಿ ಬೆಳೆಗಾರರೇ ಸದಸ್ಯರು. ಅವರ ಅಡಿಕೆ, ಕೊಕ್ಕೊ ಮಾರಿ ಬಂದ ಹಣದಲ್ಲೇ ಸಂಸ್ಥೆ ನಡೆಯುತ್ತದೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಬಡವರ ಮನೆಗೆ ಸೋಲಾರ್ ದೀಪ ಪುಕ್ಕಟೆ ಹಂಚಲಿಲ್ಲ. ಬ್ಯಾಂಕ್ ಸಾಲದ ಮೇಲೆ, ಕಂತಿನಲ್ಲಿ ತೀರಿಸುವ ಹಾಗೆ ಮಾರಿತು.

ನಾನು ಸಲಹೆ ಕೊಡುವ ಹಂಚಿಕೆ ಹೀಗಿದೆ, ಒಟ್ಟು 100ಕ್ಕೆ:

- ಸಮಸ್ಯೆಯ ತಿಳಿವಳಿಕೆ, ಫೀಲ್ಡ್‌ನ ಸಾಕ್ಷ್ಯ: 30
- ದುಡ್ಡಿನ ಲೆಕ್ಕ, ಯಾರು ಕೊಡುತ್ತಾರೆ, ಯಾಕೆ: 25
- ಯಾರಿಗೆ ಎಷ್ಟು ಪ್ರಯೋಜನ, ಅದನ್ನು ಅಳೆಯುವುದು ಹೇಗೆ: 20
- ತಂಡ ಮತ್ತು ಮುಂದಿನ ಮೂರು ತಿಂಗಳ ಯೋಜನೆ: 15
- ಮಂಡನೆ: 10

ಪ್ರತಿ ಸಾಲಿನ ಕೆಳಗೆ "ಪೂರ್ತಿ ಅಂಕ ಯಾವಾಗ", "ಸೊನ್ನೆ ಯಾವಾಗ" ಎಂದು ಒಂದೊಂದು ವಾಕ್ಯ ಬರೆಯಿರಿ. ಉದಾಹರಣೆಗೆ ಮೊದಲ ಸಾಲಿಗೆ: ಹತ್ತು ಜನರನ್ನಾದರೂ ಭೇಟಿಯಾಗಿ, ಅವರು ಹೇಳಿದ್ದರಿಂದ ತಮ್ಮ ಐಡಿಯಾದಲ್ಲಿ ಏನು ಬದಲಾಯಿತು ಎಂದು ತೋರಿಸಿದರೆ ಪೂರ್ತಿ ಅಂಕ, ಗೂಗಲ್‌ನಲ್ಲಿ ಸಿಕ್ಕ ಅಂಕಿಅಂಶ ಮಾತ್ರ ಇದ್ದರೆ ಸೊನ್ನೆ. ಈ ವಾಕ್ಯಗಳು ಇಲ್ಲದಿದ್ದರೆ ಒಬ್ಬ ಜಡ್ಜ್ ಕೊಟ್ಟ 22ಕ್ಕೂ ಇನ್ನೊಬ್ಬರು ಕೊಟ್ಟ 22ಕ್ಕೂ ಸಂಬಂಧವೇ ಇರುವುದಿಲ್ಲ.

ಇಂಗ್ಲಿಷ್‌ಗೆ ಅಂಕ ಇಡಬೇಡಿ. ಕನ್ನಡ, ತುಳು, ಇಂಗ್ಲಿಷ್ ಯಾವುದರಲ್ಲಾದರೂ ಪಿಚ್ ಮಾಡಬಹುದು ಎಂದು ನಿಯಮದಲ್ಲೇ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಅಮ್ಮನ ಬೀಡಿ ಕೆಲಸದ ಲೆಕ್ಕ ಪೈಸೆ ಪೈಸೆಯಾಗಿ ಗೊತ್ತಿರುತ್ತದೆ. ಇಂಗ್ಲಿಷ್‌ನಲ್ಲಿ ಮಾತಾಡಬೇಕು ಎಂದ ಕೂಡಲೇ ಅವಳು ಹೆಸರು ಕೊಡದೆ ಸುಮ್ನೆ ಕೂರುತ್ತಾಳೆ. ಈ ಸ್ಪರ್ಧೆ ಯಾರನ್ನು ಹುಡುಕುತ್ತಿದೆಯೋ ಅವಳನ್ನೇ ಬಾಗಿಲಲ್ಲಿ ತಡೆದ ಹಾಗಾಗುತ್ತದೆ.

ಎಚ್ಚರಿಕೆಯ ಗುರುತು: ಸಮಿತಿಯಲ್ಲಿ ಯಾರಾದರೂ "ಅಂಕದ ವಿಷಯ ಜಡ್ಜ್‌ಗಳಿಗೇ ಬಿಡೋಣ" ಎಂದರೆ ಮತ್ತೆ ಕೂತು ಚರ್ಚೆ ಮಾಡಿ.

## ಹಂತ 3: ದುಡ್ಡು

ಕೈಯಲ್ಲಿ ₹1 ಲಕ್ಷ ಇದೆ ಎಂದಿಟ್ಟುಕೊಳ್ಳೋಣ. ₹50 ಸಾವಿರ ಗೆದ್ದವರ ಮುಂದಿನ ಕೆಲಸಕ್ಕೆ, ₹20 ಸಾವಿರ ತಂಡಗಳ ಬಸ್ಸು ಮತ್ತು ಸಣ್ಣ ಪ್ರಯೋಗಗಳಿಗೆ, ₹15 ಸಾವಿರ ಊಟ ತಿಂಡಿಗೆ, ₹10 ಸಾವಿರ ಜಡ್ಜ್‌ಗಳ ಪ್ರಯಾಣ ಮತ್ತು ಗೌರವಧನಕ್ಕೆ, ಉಳಿದದ್ದು ಬ್ಯಾನರ್, ಪ್ರಿಂಟ್, ಸರ್ಟಿಫಿಕೇಟ್‌ಗೆ. ದುಡ್ಡು ಕಡಿಮೆ ಬಿದ್ದರೆ ಬ್ಯಾನರ್, ಮೊಮೆಂಟೊ ಬಿಡಿ. ಬಸ್ಸಿನ ದುಡ್ಡಿಗೆ ಕೈ ಹಾಕಬೇಡಿ.

ಪ್ರಾಯೋಜಕರನ್ನು ಹುಡುಕುವಾಗ ಎಲ್ಲರೂ ಮೊದಲು ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುತ್ತಾರೆ. ಒಂದು ದಿನದ ಕಾರ್ಯಕ್ರಮ, ಪ್ರಶಸ್ತಿ, ಜಾಹೀರಾತಿನಂಥ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಹೇಳಿದೆ. ಹಾಗಾಗಿ ಹಳೆ ವಿದ್ಯಾರ್ಥಿ ಸಂಘ, ಊರಿನ ಬ್ಯಾಂಕ್ ಶಾಖೆ, ಗೇರುಬೀಜ ಕಾರ್ಖಾನೆ, ಹೋಟೆಲ್, ರೋಟರಿ, ಲಯನ್ಸ್ ಕ್ಲಬ್‌ಗಳನ್ನು ಕೇಳಿ. ಊಟವನ್ನೋ ಪ್ರಿಂಟಿಂಗನ್ನೋ ವಸ್ತುರೂಪದಲ್ಲಿ ಕೊಡುತ್ತೇವೆ ಎಂದರೆ ಸಂತೋಷದಿಂದ ಒಪ್ಪಿಕೊಳ್ಳಿ. ಪ್ರಾಯೋಜಕರಿಗೆ ಬ್ಯಾನರ್‌ನಲ್ಲಿ ಜಾಗ ಕೊಡಿ, ಅಂಕದ ಹಾಳೆಯಲ್ಲಿ ಬೇಡ.

ಪೋಸ್ಟರ್‌ನಲ್ಲಿ ಮೊತ್ತ ಹಾಕುವ ಮುನ್ನ ಕಾಲೇಜಿನ ಹಣಕಾಸು ವಿಭಾಗದವರ ಹತ್ತಿರ ಮೂರು ವಿಷಯ ಬರಹದಲ್ಲಿ ಪಡೆಯಿರಿ. ಹಣ ಯಾರ ಖಾತೆಗೆ ಹೋಗುತ್ತದೆ? ಬಿಲ್ ಕೊಟ್ಟ ಮೇಲೆ ಕೊಡುತ್ತಾರೋ, ಮುಂಗಡವಾಗಿಯೋ? ತೆರಿಗೆ ಹಿಡಿಯುತ್ತಾರೋ? ಬಹುಮಾನ ₹10 ಸಾವಿರ ದಾಟಿದರೆ ತೆರಿಗೆಯ ಪ್ರಶ್ನೆ ಬಂದೇ ಬರುತ್ತದೆ. ಐವತ್ತು ಸಾವಿರ ಎಂದು ಘೋಷಿಸಿ ಕೈಗೆ ಮೂವತ್ತೈದು ಬಂದರೆ ಮಕ್ಕಳಿಗೆ ಮೋಸ ಹೋದ ಹಾಗೆ ಅನಿಸುತ್ತದೆ.

## ಹಂತ 4: ಪ್ರಕಟಣೆ ಮತ್ತು ರಿಜಿಸ್ಟ್ರೇಶನ್

ಈಗ ಪೋಸ್ಟರ್ ಮಾಡಿ. ಅಂಕದ ಹಾಳೆಯ ಕ್ಯೂಆರ್ ಕೋಡ್ ಅದರಲ್ಲೇ ಇರಲಿ. ತಂಡಕ್ಕೆ ಮೂರರಿಂದ ಐದು ಜನ, ಎರಡು ವಿಭಾಗದವರಾದರೂ ಇರಬೇಕು. ಒಬ್ಬರಿಗಾದರೂ ಫೀಲ್ಡ್‌ನ ಜನರ ಮನೆಮಾತು ಬರಬೇಕು. ಮಲ್ಪೆಯಲ್ಲಿ ತುಳು ಬಾರದೆ, ಉಳ್ಳಾಲದಲ್ಲಿ ಬ್ಯಾರಿ ಅಥವಾ ತುಳು ಬಾರದೆ ಹೋದವರಿಗೆ ಮರ್ಯಾದೆಯ ಉತ್ತರ ಸಿಗುತ್ತದೆ, ನಿಜವಾದ ಉತ್ತರ ಸಿಗುವುದಿಲ್ಲ. ಮಣಿಪಾಲ, ಸುರತ್ಕಲ್‌ನಲ್ಲಿ ಓದುವ ಹೊರರಾಜ್ಯದ ವಿದ್ಯಾರ್ಥಿಗಳು ಒಳ್ಳೆಯ ಐಡಿಯಾ ತರುತ್ತಾರೆ. ಅವರನ್ನು ಊರಿನ ವಿದ್ಯಾರ್ಥಿಗಳ ಜೊತೆ ಸೇರಿಸಲು ಈ ನಿಯಮವೇ ಸಾಕು.

ರಿಜಿಸ್ಟ್ರೇಶನ್ ಶುಲ್ಕ ಬೇಡ. ಫಾರ್ಮ್‌ನಲ್ಲಿ ಪರಿಹಾರ ಏನು ಎಂದು ಕೇಳಲೇಬೇಡಿ. ಸಮಸ್ಯೆ ಯಾರದು, ಎಲ್ಲಿ, ನಿಮಗೆ ಹೇಗೆ ಗೊತ್ತಾಯಿತು ಎಂದಷ್ಟೇ ಕೇಳಿ. ಪರಿಹಾರ ಮೊದಲೇ ಬರೆಸಿಬಿಟ್ಟರೆ ಆಮೇಲೆ ಅದನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

## ಹಂತ 5: ಫೀಲ್ಡ್ ಭೇಟಿ

ಎರಡು ವಾರ ಇದಕ್ಕೇ ಮೀಸಲಿಡಿ. ಪ್ರತಿ ತಂಡ ಎರಡು ಸಲ ಹೋಗಬೇಕು. ಮೊದಲ ಸಲ ಕೇಳಲು ಮಾತ್ರ. ಎರಡನೇ ಸಲ ತಮಗೆ ಅರ್ಥವಾದದ್ದನ್ನು ಅವರಿಗೇ ಹೇಳಿ ತಿದ್ದಿಸಿಕೊಳ್ಳಲು. ಕಲಿಕೆ ಆಗುವುದು ಎರಡನೇ ಭೇಟಿಯಲ್ಲಿ, ಆದರೆ ತಂಡಗಳು ಸಾಮಾನ್ಯವಾಗಿ ತಪ್ಪಿಸುವುದೂ ಅದನ್ನೇ.

ನಮ್ಮಲ್ಲಿ ವಿಷಯಕ್ಕೆ ಬರ ಇಲ್ಲ. ಸಂಜೆವರೆಗೆ ಮಾರಾಟವಾಗದೆ ಉಳಿದ ಮೀನು, ಮಳೆಗಾಲದಲ್ಲಿ ಮರದ ಬುಡದಲ್ಲೇ ಕೊಳೆಯುವ ಹಲಸು, ಬೀಚ್‌ನಲ್ಲಿ ಬಿದ್ದಿರುವ ಬೊಂಡದ (ಎಳನೀರಿನ) ಸಿಪ್ಪೆ, ಉಡುಪಿ ಸೀರೆ ನೇಯುವ ಕೈಮಗ್ಗಕ್ಕೆ ಹೊಸಬರು ಬಾರದಿರುವುದು, ನಗರದ ಕಸ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದನ್ನು ನೋಡಿದವರಿಗೆ ಕಸದ ಸಮಸ್ಯೆ ಎಷ್ಟು ದೊಡ್ಡದು ಎಂದು ವಿವರಿಸಬೇಕಾಗಿಲ್ಲ.

ಹೋಗುವ ಸಮಯ ಆ ಕೆಲಸದವರದ್ದಾಗಿರಬೇಕು. ಬಂದರಿನ ಹರಾಜು ನೋಡಲು ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಏನೂ ಸಿಗುವುದಿಲ್ಲ. ಮೀನು ಮಾರುವ ಅಕ್ಕನನ್ನು ಗಿರಾಕಿ ಇರುವ ಹೊತ್ತಿನಲ್ಲಿ ಪ್ರಶ್ನೆ ಕೇಳಿ ತಡೆಯುವುದು ತಪ್ಪು. ವ್ಯಾಪಾರ ಇಳಿದ ಮೇಲೆ ಹೋಗಿ, ಕೂತು ಮಾತಾಡಿ. "ನಿಮಗೆ ಆ್ಯಪ್ ಬೇಕಾ?" ಎಂದು ಕೇಳಬೇಡಿ. ಎದುರಿಗಿರುವವರು ಮಕ್ಕಳ ಮುಖ ನೋಡಿ ಬೇಕು ಎಂದೇ ಹೇಳುತ್ತಾರೆ. ನಿನ್ನೆ ಎಷ್ಟು ತಂದಿರಿ, ಎಷ್ಟು ಉಳಿಯಿತು, ಉಳಿದದ್ದನ್ನು ಏನು ಮಾಡಿದಿರಿ, ಐಸ್‌ಗೆ ಎಷ್ಟಾಯಿತು, ಬಂಡವಾಳ ಯಾರ ಹತ್ತಿರ ತಂದಿರಿ ಎಂದು ಕೇಳಿ. ನಡೆದದ್ದನ್ನು ಕೇಳಿದರೆ ಮಾತ್ರ ನಂಬಬಹುದಾದ ಉತ್ತರ ಬರುತ್ತದೆ.

ಸುರಕ್ಷತೆಗೆ ಕೆಲವು ಕಡ್ಡಾಯ ನಿಯಮ ಹಾಕಿ. ಒಬ್ಬರೇ ಹೋಗುವಂತಿಲ್ಲ. ಕತ್ತಲಾಗುವ ಮೊದಲು ವಾಪಸ್. ಬೋಟ್ ಹತ್ತುವಂತಿಲ್ಲ. ಬೆಳಗಿನ ಜಾವ ಬಂದರಿಗೆ ಹೋಗುವುದಾದರೆ ಅಧ್ಯಾಪಕರು ಜೊತೆಗಿರಬೇಕು. ಕೇಳದೆ ಯಾರ ಫೋಟೋ ತೆಗೆಯುವಂತಿಲ್ಲ, ಅದರಲ್ಲೂ ಮಕ್ಕಳದ್ದು, ಕಾಯಿಲೆ ಇರುವವರದ್ದು.

ಎಚ್ಚರಿಕೆಯ ಗುರುತು: ಶಂಕರಪುರ ಮಲ್ಲಿಗೆಯ ಬಗ್ಗೆ ಪಿಚ್ ಮಾಡುವ ತಂಡವನ್ನು "ಇವತ್ತು ಅಟ್ಟೆಗೆ ದರ ಎಷ್ಟು, ಅದನ್ನು ಯಾರು ನಿಗದಿ ಮಾಡುತ್ತಾರೆ?" ಎಂದು ಕೇಳಿ. ಅಟ್ಟೆ ಎಂದರೆ ಮಲ್ಲಿಗೆ ಮಾರುವ ಅಳತೆ. ಉತ್ತರ ಇಲ್ಲದಿದ್ದರೆ ಅವರು ಬೆಳೆಗಾರರ ಮನೆ ಅಂಗಳಕ್ಕೆ ಕಾಲಿಟ್ಟಿಲ್ಲ. ಎಲ್ಲ ವಿಷಯಕ್ಕೂ ಇಂಥ ಒಂದು ಪ್ರಶ್ನೆ ಇರುತ್ತದೆ. ಸಮಿತಿಯವರು ಮೊದಲೇ ಹುಡುಕಿಟ್ಟುಕೊಳ್ಳಿ.

## ಹಂತ 6: ಮೊದಲ ಸುತ್ತು

ಇಲ್ಲಿ ಸ್ಲೈಡ್ ಬೇಡ. ಎರಡು ಪುಟ ಬರಹ, ಜೊತೆಗೆ ಫೀಲ್ಡ್ ಟಿಪ್ಪಣಿ. ಕೈಬರಹವಾದರೂ ಸರಿ. ಅದೇ ಅಂಕದ ಹಾಳೆಯಲ್ಲಿ ಇಬ್ಬರು ಓದುಗರು ಒಬ್ಬರದ್ದನ್ನು ಇನ್ನೊಬ್ಬರು ನೋಡದೆ ಅಂಕ ಹಾಕಲಿ. ಎಂಟು ತಂಡ ಆಯ್ಕೆ ಮಾಡಿ. ಬಿಟ್ಟುಹೋದವರಿಗೆ ಯಾಕೆ ಬಿಟ್ಟಿರಿ ಎಂದು ಎರಡು ವಾಕ್ಯ ಬರೆದು ಕಳಿಸಿ. ಮುಂದಿನ ವರ್ಷ ಅವರು ಮತ್ತೆ ಬರುವುದು ಈ ಎರಡು ವಾಕ್ಯದಿಂದ.

## ಹಂತ 7: ಮೆಂಟರ್‌ಗಳು ಮತ್ತು ಒಂದು ಪ್ಯಾಕೆಟ್‌ನ ಲೆಕ್ಕ

ಪ್ರತಿ ತಂಡಕ್ಕೆ ಒಬ್ಬ ಮೆಂಟರ್, ಎರಡು ವಾರ, ವಾರಕ್ಕೊಂದು ಭೇಟಿ. ಮಣಿಪಾಲದ ಎಂಯುಟಿಬಿಐ, ನಿಟ್ಟೆಯ ಅಟಲ್ ಇನ್‌ಕ್ಯುಬೇಶನ್ ಸೆಂಟರ್‌ನಂಥ, ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರಗಳಲ್ಲಿ ಕೇಳಿ ನೋಡಿ. ಸಣ್ಣ ಉದ್ಯಮ ನಡೆಸುತ್ತಿರುವ ಹಳೆ ವಿದ್ಯಾರ್ಥಿಗಳೂ ಒಳ್ಳೆಯ ಮೆಂಟರ್ ಆಗುತ್ತಾರೆ. ಮೆಂಟರ್ ಆದವರು ಜಡ್ಜ್ ಆಗಬಾರದು.

ಈ ಹಂತದಲ್ಲಿ ತಂಡಗಳು ಎಡವುವುದು ದುಡ್ಡಿನ ಲೆಕ್ಕದಲ್ಲಿ. ಐದು ವರ್ಷದ ಕೋಟಿ ಕೋಟಿ ವಹಿವಾಟಿನ ಗ್ರಾಫ್ ತರುತ್ತಾರೆ. ಅದನ್ನು ಪಕ್ಕಕ್ಕಿಡಿಸಿ, ಒಂದೇ ಪ್ಯಾಕೆಟ್‌ನ ಲೆಕ್ಕ ಬರೆಸಿ. ಉದಾಹರಣೆಗೆ ಸ್ವಸಹಾಯ ಸಂಘದವರು ಮಾಡುವ ಹಲಸಿನ ಚಿಪ್ಸ್. ಮಾರುವ ಬೆಲೆ ₹60 ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ 15, ಎಣ್ಣೆ ಮತ್ತು ಗ್ಯಾಸ್ 14, ಕೆಲಸ ಮಾಡಿದವರಿಗೆ 12, ಪ್ಯಾಕಿಂಗ್ 5, ಹಣ್ಣು 4. ಉಳಿಯುವುದು 10. ಸಾಗಾಟ, ಮಾರಾಟವಾಗದೆ ವಾಪಸ್ ಬಂದ ಪ್ಯಾಕೆಟ್ ಎರಡನ್ನೂ ಈ ಹತ್ತರಲ್ಲೇ ಭರಿಸಬೇಕು.

ಇಲ್ಲಿಗೆ ನಿಲ್ಲಿಸಬೇಡಿ. ಒಬ್ಬರು ದಿನಕ್ಕೆ ಇಪ್ಪತ್ತು ಪ್ಯಾಕೆಟ್ ಮಾಡಿದರೆ ಕೈಗೆ ಬರುವುದು ₹240. ತೋಟದ ಕೂಲಿ ಇದಕ್ಕಿಂತ ಜಾಸ್ತಿ ಇದೆ, ಅಲ್ವಾ? ಹಾಗಾದರೆ ಅವರು ಈ ಕೆಲಸಕ್ಕೆ ಯಾಕೆ ಬರುತ್ತಾರೆ? ಮನೆಯಲ್ಲೇ, ಬಿಡುವಿನಲ್ಲಿ ಮಾಡಬಹುದು ಎಂಬ ಕಾರಣ ಇರಬಹುದು. ದರ ಏರಿಸಬೇಕಾಗಬಹುದು. ಯಂತ್ರ ತಂದು ನಲವತ್ತು ಪ್ಯಾಕೆಟ್ ಮಾಡಬೇಕಾಗಬಹುದು. ತಂಡ ಈ ಪ್ರಶ್ನೆ ಎದುರಿಸಿದಾಗಲೇ ಐಡಿಯಾ ಗಟ್ಟಿಯಾಗುವುದು. ತಿನ್ನುವ ವಸ್ತು ಮಾರುವುದಾದರೆ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಬೇಕು ಎಂಬುದನ್ನೂ ಮೆಂಟರ್ ಈಗಲೇ ಹೇಳಲಿ.

ಟ್ರಸ್ಟ್ ಮಾಡಬೇಕೋ, ಸಹಕಾರಿ ಸಂಘವೋ, ಪ್ರೈವೇಟ್ ಲಿಮಿಟೆಡ್ಡೋ, ಸೆಕ್ಷನ್ 8 (ಲಾಭ ಹಂಚದ) ಕಂಪನಿಯೋ ಎಂದು ತಂಡಗಳು ತಲೆಕೆಡಿಸಿಕೊಳ್ಳುತ್ತವೆ. ಈಗ ಅದು ಬೇಡ. ಗಿರಾಕಿ ಸಿಕ್ಕ ಮೇಲೆ ನೋಡಿದರಾಯಿತು.

## ಹಂತ 8: ಜಡ್ಜ್‌ಗಳು

ಆಮಂತ್ರಣ ಮೂರನೇ ವಾರದಲ್ಲೇ ಹೋಗಬೇಕು. ಸಿದ್ಧತೆ ಈಗ. ಮೂವರು ಅಥವಾ ಐವರು ಸಾಕು: ಸಾಲ ಕೊಟ್ಟು ವಸೂಲಿ ಮಾಡಿ ಗೊತ್ತಿರುವ ಬ್ಯಾಂಕಿನವರು, ಉದ್ಯಮ ನಡೆಸುತ್ತಿರುವವರು, ಮತ್ತು ಕಡ್ಡಾಯವಾಗಿ ಫೀಲ್ಡ್‌ನವರು ಒಬ್ಬರು. ಮೀನು ಮಾರಾಟಗಾರರ ಸಂಘದವರು, ಕೃಷಿಕರು, ಸ್ವಸಹಾಯ ಸಂಘದ ಒಕ್ಕೂಟದವರು ಯಾರಾದರೂ ಆಗಬಹುದು. ಅವರು ಹಾಕುವ ಅಂಕಕ್ಕೂ ಉಳಿದವರದ್ದಕ್ಕಿರುವಷ್ಟೇ ತೂಕ, ಅವರಿಗೂ ಅಷ್ಟೇ ಗೌರವಧನ, ಅದೇ ಸಾಲಿನಲ್ಲಿ ಕುರ್ಚಿ. ದಿನದ ದುಡಿಮೆ ಬಿಟ್ಟು ಬರುತ್ತಾರೆ ಎಂಬುದು ನೆನಪಿರಲಿ. ಇಂಗ್ಲಿಷ್ ಪಿಚ್ ಇದ್ದರೆ ಪಕ್ಕದಲ್ಲಿ ಕೂತು ಹೇಳಲು ಒಬ್ಬ ವಿದ್ಯಾರ್ಥಿ ಇರಲಿ.

ಫೈನಲ್‌ಗೆ ಮೊದಲು ಎಲ್ಲ ಜಡ್ಜ್‌ಗಳಿಗೂ ಒಂದೇ ಮಾದರಿ ಪಿಚ್ ತೋರಿಸಿ ಅಂಕ ಹಾಕಿಸಿ. ಒಬ್ಬರು 40, ಇನ್ನೊಬ್ಬರು 85 ಕೊಟ್ಟರೆ ಅಲ್ಲೇ ಮಾತಾಡಿ ಸರಿಮಾಡಿಕೊಳ್ಳಬಹುದು. ಎರಡು ಕೋಣೆಗಳಲ್ಲಿ ಬೇರೆ ಬೇರೆ ಜಡ್ಜ್‌ಗಳಿದ್ದರೆ ಕೋಣೆಗಳ ಅಂಕ ಹೋಲಿಸಲೇಬೇಡಿ. ಪ್ರತಿ ಕೋಣೆಯಿಂದ ಮೊದಲ ಇಬ್ಬರನ್ನು ತೆಗೆದುಕೊಳ್ಳಿ. ತಮ್ಮ ವಿಭಾಗದ ತಂಡ ಬಂದಾಗ ಅಧ್ಯಾಪಕ ಜಡ್ಜ್ ಅಂಕ ಹಾಕಬಾರದು. ಉಳಿದವರ ಸರಾಸರಿ ತೆಗೆದುಕೊಳ್ಳಿ.

## ಹಂತ 9: ಫೈನಲ್ ದಿನ

ಸಮಯದ ಲೆಕ್ಕ ಹಾಕಿ. ಪಿಚ್ 5 ನಿಮಿಷ, ಪ್ರಶ್ನೆ 7 ನಿಮಿಷ, ಅಂಕ ಹಾಕಲು ಮತ್ತು ತಂಡ ಬದಲಾಗಲು 3 ನಿಮಿಷ. ಎಂಟು ತಂಡಕ್ಕೆ ಎರಡು ಗಂಟೆ. ಇಪ್ಪತ್ತು ತಂಡ ತಂದರೆ ಐದು ಗಂಟೆ, ಊಟ ಆದ ಮೇಲೆ ಜಡ್ಜ್‌ಗಳಿಗೂ ಗಮನ ಇರುವುದಿಲ್ಲ. ಪ್ರಶ್ನೆಗೆ ಪಿಚ್‌ಗಿಂತ ಜಾಸ್ತಿ ಸಮಯ ಇಟ್ಟದ್ದು ಬೇಕೆಂದೇ. ಬಾಯಿಪಾಠ ಮಾಡಿದ್ದು ಪಿಚ್‌ನಲ್ಲಿ ಬರುತ್ತದೆ, ಗೊತ್ತಿರುವುದು ಪ್ರಶ್ನೆಯಲ್ಲಿ.

ಉದ್ಘಾಟನೆ ಹದಿನೈದು ನಿಮಿಷ ಮೀರದಿರಲಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅಷ್ಟೆ. ಭಾಷಣಗಳನ್ನು ಪಿಚ್‌ಗಳೆಲ್ಲ ಮುಗಿದು ಅಂಕ ಕೂಡಿಸುವ ಹೊತ್ತಿಗೆ ಇಡಿ. ಆಗ ಸಭೆಗೂ ಕೇಳುವ ವ್ಯವಧಾನ ಇರುತ್ತದೆ.

ಸ್ಲೈಡ್‌ಗಳನ್ನು ಹಿಂದಿನ ಸಂಜೆಯೇ ಪಿಡಿಎಫ್ ಮಾಡಿಸಿ ಒಂದೇ ಲ್ಯಾಪ್‌ಟಾಪ್‌ಗೆ ಹಾಕಿ. ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಬೇರೆ ಲ್ಯಾಪ್‌ಟಾಪ್‌ನಲ್ಲಿ ಚಿತ್ರಲಿಪಿಯಾಗುತ್ತದೆ. ಪಿಡಿಎಫ್‌ನಲ್ಲಿ ಆ ಭಯ ಇಲ್ಲ. ಎಚ್‌ಡಿಎಂಐ ಕೇಬಲ್ ಎರಡು, ಎಕ್ಸ್‌ಟೆನ್ಶನ್ ಬೋರ್ಡ್, ಬ್ಯಾಟರಿ ಹಾಕಿದ ಮೈಕ್, ಎಲ್ಲರಿಗೂ ಕಾಣುವ ಟೈಮರ್. ಟೈಮ್‌ಕೀಪರ್ ಆಗಿ ಸಂಕೋಚ ಪಡದವರನ್ನು ಕೂರಿಸಿ. ಕೊಣಾಜೆಯಂಥ ದೂರದ ಕ್ಯಾಂಪಸ್ ಆದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ಬಸ್ಸು ಎಷ್ಟು ಹೊತ್ತಿನವರೆಗೆ ಇದೆ ಎಂದು ವಿಚಾರಿಸಿ ಮುಗಿಸುವ ಸಮಯ ಇಡಿ.

ಅಂಕ ಕೂಡಿಸುವವರು ಇಬ್ಬರಿರಲಿ, ಬೇರೆ ಬೇರೆಯಾಗಿ ಕೂಡಿಸಲಿ. ಫಲಿತಾಂಶದ ಜೊತೆ ಪ್ರತಿ ತಂಡಕ್ಕೂ ಅವರ ಅಂಕದ ಹಾಳೆ ಕೊಡಿ.

## ಹಂತ 10: ಆಮೇಲಿನ ಮೂರು ತಿಂಗಳು

ಹಣ ಒಂದೇ ಸಲ ಕೊಡಬೇಡಿ. ಮೂರನೇ ಒಂದು ಭಾಗ ಫೈನಲ್ ದಿನ. ಇನ್ನೊಂದು ಭಾಗ ಮೊದಲ ಹತ್ತು ಗಿರಾಕಿಗಳಿಗೆ ಮಾರಿದ ಮೇಲೆ. ಉಳಿದದ್ದು ತೊಂಬತ್ತನೇ ದಿನ ಲೆಕ್ಕ ಒಪ್ಪಿಸಿದ ಮೇಲೆ. ಇದನ್ನು ನಿಯಮದಲ್ಲಿ ಮೊದಲೇ ಬರೆದಿದ್ದರೆ ಯಾರಿಗೂ ಬೇಸರ ಆಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮೆಂಟರ್ ಜೊತೆ ಅರ್ಧ ಗಂಟೆ ಮಾತು ಇರಲಿ.

ಗೆದ್ದ ತಂಡದಲ್ಲಿ ಕೊನೆಯ ಸೆಮಿಸ್ಟರ್‌ನವರೇ ಇದ್ದರೆ ಪ್ಲೇಸ್‌ಮೆಂಟ್ ಬಂದ ಕೂಡಲೇ ತಂಡ ಒಡೆಯುತ್ತದೆ. ಕಿರಿಯ ತರಗತಿಯ ಒಬ್ಬರಾದರೂ ಇರಬೇಕು ಎಂದು ನಿಯಮ ಮಾಡಿ, ಕೆಲಸ ಅವರ ಕೈಗೆ ದಾಟುವ ಹಾಗೆ ನೋಡಿಕೊಳ್ಳಿ. ಯೋಜನೆ ನಿಂತುಹೋದರೆ ಯಾಕೆ ನಿಂತಿತು ಎಂದು ಒಂದು ಪುಟ ಬರೆಸಿ.

ಫೀಲ್ಡ್‌ನಲ್ಲಿ ಸಮಯ ಕೊಟ್ಟವರ ಹತ್ತಿರ ಎಲ್ಲ ತಂಡಗಳೂ ಒಮ್ಮೆ ವಾಪಸ್ ಹೋಗಬೇಕು. ಗೆದ್ದೆವು, ಸೋತೆವು, ಏನು ಕಲಿತೆವು, ಮುಂದೆ ಏನು ಎಂದು ಹೇಳಿ ಬರಬೇಕು. ಹೀಗೆ ಹೋಗದಿದ್ದರೆ ಮುಂದಿನ ವರ್ಷ ಅದೇ ಸಂಘದವರು ನಿಮ್ಮ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಕೊನೆಗೆ ಒಂದು ಫೈಲ್ ಕಟ್ಟಿ: ಅಂಕದ ಹಾಳೆ, ನಿಯಮ, ಖರ್ಚಿನ ಬಿಲ್, ಜಡ್ಜ್ ಮತ್ತು ಮೆಂಟರ್‌ಗಳ ಪಟ್ಟಿ, ಒಪ್ಪಿಗೆ ಕೊಟ್ಟ ಫೀಲ್ಡ್‌ನವರ ಫೋನ್ ನಂಬರ್, ನಿಂತುಹೋದ ಯೋಜನೆಗಳ ಆ ಒಂದೊಂದು ಪುಟ. ಫೈಲ್ ಅಧ್ಯಾಪಕರ ಹತ್ತಿರ ಒಂದು ಪ್ರತಿ, ಮುಂದಿನ ಸಮಿತಿಯವರ ಹತ್ತಿರ ಒಂದು ಪ್ರತಿ ಇರಲಿ. ಹಳೆ ಸಮಿತಿಯ ಇಬ್ಬರು ಹೊಸಬರ ಮೊದಲ ಸಭೆಗೆ ಬಂದು ಅದನ್ನು ಪುಟ ಪುಟವಾಗಿ ತೋರಿಸಲಿ.